ಗಂಡುದನಿ, ಹೆಣ್ಣುದನಿ, ನಡುವಿನ ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧ್ವನಿಮುದ್ರಣದ ಕೆಲಸ ಮಾಡುವವಳು. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ದನಿ ಕೇಳುವುದೇ ಸಂಬಳದ ಕೆಲಸ. ಗುರುತಿನವರು ಸಿಕ್ಕರೆ ಸ್ಟುಡಿಯೋ ಬಗ್ಗೆ ಕೇಳುವುದು ಕಡಿಮೆ. 'ಇವರಿಗೆ ನನ್ನ ಮಾತು ಯಾಕೆ ಕೇಳಿಸಲ್ಲ?', 'ಅವಳು ಯಾಕೆ ಯಾವಾಗಲೂ ಕಿರುಚ್ತಾಳೆ?' ಇಂಥವೇ ಜಾಸ್ತಿ. ಸ್ವಭಾವದ ತಲೆಗೆ ಕಟ್ಟುವ ಎಷ್ಟೋ ದೂರುಗಳು ಗಂಟಲಿನವು, ಕಿವಿಯವು, ಇಲ್ಲಾ ಆ ಕೋಣೆಯವು ಅಂತ ನನಗೆ ಅನಿಸುತ್ತದೆ. ಇನ್ನು ಕೆಲವು ನಾವು ಕಲಿತ ಪೂರ್ವಗ್ರಹ. ಯಾವುದು ಯಾವುದು ಅಂತ ಬಿಡಿಸಿ ನೋಡೋಣ.

ಗಂಡಸರ ದನಿ ದಪ್ಪ, ಹೆಂಗಸರದ್ದು ತೆಳು. ಯಾಕೆ ಹೀಗೆ?

ಧ್ವನಿಪೆಟ್ಟಿಗೆಯೊಳಗೆ ಎರಡು ಚಿಕ್ಕ ಮಡಿಕೆಗಳಿವೆ. ಧ್ವನಿತಂತುಗಳು ಅಂತ ಅವನ್ನು ಕರೆಯುತ್ತಾರೆ. ಕೆಳಗಿನಿಂದ ಉಸಿರು ನುಗ್ಗಿದಾಗ ಅವು ಒಂದಕ್ಕೊಂದು ಬಡಿದುಕೊಂಡು ಕಂಪಿಸುತ್ತವೆ. ವಯಸ್ಕ ಗಂಡಸರಲ್ಲಿ ಇವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ 12.5ರಿಂದ 17.5. ಉದ್ದವಾಗಿ, ದಪ್ಪವಾಗಿ ಇದ್ದರೆ ನಿಧಾನವಾಗಿ ಕಂಪಿಸುತ್ತವೆ. ಮಾತಾಡುವಾಗ ಗಂಡಸಿನ ದನಿ ಸೆಕೆಂಡಿಗೆ 85ರಿಂದ 180 ಸಲ, ಹೆಂಗಸಿನದ್ದು 165ರಿಂದ 255 ಸಲ ಕಂಪಿಸುತ್ತದೆ. ಇದನ್ನೇ ಹರ್ಟ್ಸ್ ಅನ್ನುವುದು. ನಡುವೆ ಸ್ವಲ್ಪ ಜಾಗ ಇಬ್ಬರಿಗೂ ಸೇರಿದ್ದು, ಗಮನಿಸಿ.

ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಹುಡುಗರಿಗೆ ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಏರಿ ಧ್ವನಿಪೆಟ್ಟಿಗೆ ಬೆಳೆಯುತ್ತದೆ. ಗಂಟಲು ಒಡೆದು ದನಿ ಹತ್ತಿರ ಹತ್ತಿರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹುಡುಗಿಯರದ್ದೂ ಇಳಿಯುತ್ತದೆ, ತುಸು ಮಾತ್ರ. ಜೊತೆಗೆ ಗಂಟಲಿನಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಇದ್ದರೆ ಹೆಂಗಸರಲ್ಲಿ 14ರ ಆಸುಪಾಸು. ಅದಕ್ಕೇ ಇಬ್ಬರೂ ಒಂದೇ ಸ್ವರ ಹಾಡಿದರೂ ಯಾರು ಯಾರೆಂದು ತಿಳಿಯುತ್ತದೆ.

ಹಾಗಾದರೆ ಎಲ್ಲಾ ದೇಹದ್ದೇ ಅಂತಾಯ್ತು?

ಇಲ್ಲ. ದೇಹ ಒಂದು ಅಳತೆ ಕೊಡುತ್ತದೆ. ಅದರೊಳಗೆ ಎಲ್ಲಿ ನಿಂತು ಮಾತಾಡಬೇಕು ಅನ್ನುವುದನ್ನು ಊರು ಕಲಿಸುತ್ತದೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಪಾನಿನ ಮತ್ತು ನೆದರ್ಲೆಂಡ್ಸ್‌ನ ಹೆಂಗಸರನ್ನು ಹೋಲಿಸಿತು. ಜಪಾನಿನವರ ದನಿ ಎತ್ತರದಲ್ಲಿತ್ತು. ಹೆಣ್ಣೆಂದರೆ ಹೀಗಿರಬೇಕು ಎಂಬ ಅಲ್ಲಿನ ನಿರೀಕ್ಷೆಯೂ ಹಾಗೇ ಇತ್ತು. ಆಸ್ಟ್ರೇಲಿಯಾದಲ್ಲಿ 1945ರಲ್ಲಿ ಮುದ್ರಿಸಿಟ್ಟಿದ್ದ ಎಳೆಯ ಹೆಂಗಸರ ದನಿಯನ್ನು 1993ರ ಅದೇ ವಯಸ್ಸಿನವರ ದನಿ ಜೊತೆ ಹೋಲಿಸಿದಾಗ ಸರಾಸರಿ 229 ಹರ್ಟ್ಸ್ ಇದ್ದದ್ದು 206ಕ್ಕೆ ಇಳಿದಿತ್ತು. ಐವತ್ತು ವರ್ಷದೊಳಗೆ ಗಂಟಲಿನ ರಚನೆ ಬದಲಾಗುವುದಿಲ್ಲ. ಬದುಕು ಬದಲಾಗಿತ್ತು.

ನಮ್ಮಲ್ಲೂ ನೋಡಿ, ಮದುವೆ ಮಾತುಕತೆಗೆ ಕೂತ ಹುಡುಗಿ ಆಡುವ ದನಿಯೇ ಬೇರೆ, ಅದೇ ಹುಡುಗಿ ಆಟೋದವರ ಹತ್ತಿರ ಮೀಟರ್ ಹಾಕಿ ಅಂತ ಹೇಳುವ ದನಿಯೇ ಬೇರೆ.

ಹೆಂಗಸರ ದನಿ ಗಂಡಸರ ಮೆದುಳಿಗೆ ಭಾರ, ವಿಜ್ಞಾನವೇ ಹೇಳಿದೆ ಅಂತ ನಮ್ಮ ಭಾವ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ನಿಜವಾ?

ಆ ಸುದ್ದಿಗೆ ಇಪ್ಪತ್ತು ವರ್ಷ ಆಯಿತು, ಇನ್ನೂ ಸತ್ತಿಲ್ಲ. 2005ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 12 ಜನ ಗಂಡಸರಿಗೆ ಗಂಡು ದನಿ, ಹೆಣ್ಣು ದನಿ ಎರಡನ್ನೂ ಕೇಳಿಸಿ ಮೆದುಳಿನ ಚಿತ್ರ ತೆಗೆದರು. ಎರಡಕ್ಕೂ ಮೆದುಳಿನ ಬೇರೆ ಬೇರೆ ಭಾಗ ಚುರುಕಾಯಿತು. ಅಷ್ಟೇ. ಗಂಡಸರಿಗೆ ಸುಸ್ತಾಯಿತು ಎಂದಾಗಲಿ, ಮಾತು ಅರ್ಥವಾಗಲಿಲ್ಲ ಎಂದಾಗಲಿ ಅಲ್ಲಿಲ್ಲ. ಹೆಂಗಸರನ್ನು ಪರೀಕ್ಷೆಗೆ ಕೂರಿಸಿಯೂ ಇರಲಿಲ್ಲ. ಪತ್ರಿಕೆಯವರು ಅದಕ್ಕೆ ಬೇಕಾದ ತಲೆಬರಹ ಹಾಕಿದರು. ನಿಮ್ಮ ಭಾವನವರಿಗೆ ನಮಸ್ಕಾರ ಹೇಳಿ.

ನಮ್ಮ ಯಜಮಾನರಿಗೆ 62 ವರ್ಷ. ಟಿವಿಯ ವಾರ್ತೆ ಕೇಳಿಸುತ್ತೆ, ಸ್ನೇಹಿತರ ಫೋನು ಕೇಳಿಸುತ್ತೆ, ನನ್ನ ಮಾತು ಮಾತ್ರ ಕೇಳಿಸಲ್ಲ. ಬೇಕಂತಲೇ ಮಾಡ್ತಾರಾ?

ಬೇಕಂತಲೇ ಮಾಡುವವರೂ ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಈ ಪ್ರಶ್ನೆಯಲ್ಲಿ ನಾನು ಮೊದಲು ಅನುಮಾನ ಪಡುವುದು ಕಿವಿಯನ್ನು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸದ್ದುಗಳನ್ನು. ಜೋರು ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಮೊದಲ ಪೆಟ್ಟು ಬೀಳುವುದು ಸುಮಾರು 4000 ಹರ್ಟ್ಸ್ ಆಸುಪಾಸಿನಲ್ಲಿ. ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳಲ್ಲಿ ಒಂದು ಗಂಟೆ ನಿಂತು ನೋಡಿ, ಹೇಳಬೇಕಾಗಿಯೇ ಇಲ್ಲ. ಲಾರಿ ಎಂಜಿನ್, ಕಾರ್ಖಾನೆ, ಜನರೇಟರ್ ಪಕ್ಕ ದುಡಿದವರದ್ದೂ ಇದೇ ಕತೆ. ಇಂಥ ಕೆಲಸದಲ್ಲಿ ಗಂಡಸರು ಜಾಸ್ತಿ ಇದ್ದದ್ದೂ ಒಂದು ಕಾರಣ, ಸರಾಸರಿಯಲ್ಲಿ ಅವರ ಕಿವಿ ಹೆಂಗಸರ ಕಿವಿಗಿಂತ ಬೇಗ ಮಂದವಾಗುತ್ತದೆ.

'ನನ್ನ ದನಿ 200 ಹರ್ಟ್ಸ್, ಅವರಿಗೆ ಹೋಗಿರೋದು 4000. ಕೇಳಬೇಕಲ್ಲ?' ಅಂತ ನೀವು ಕೇಳಬಹುದು. ದನಿ ಕೇಳಿಸುತ್ತದೆ. ಮಾತು ಕೇಳಿಸುವುದಿಲ್ಲ. ಅ, ಆ, ಉ, ಓ ಇವೆಲ್ಲ ಕೆಳಗಿನ, ಜೋರಾದ ಸದ್ದುಗಳು. ಸ, ಶ, ಚ ಇವು ಮೇಲಿನ, ಮೆಲ್ಲಗಿನ ಸದ್ದುಗಳು. ಹೆಂಗಸರ ಬಾಯಿಯ ಕೊಳವೆ ಚಿಕ್ಕದಾದ್ದರಿಂದ ಅವರ 'ಸ' ಇನ್ನೂ ಮೇಲಿರುತ್ತದೆ. ಅದು ಬಿದ್ದುಹೋದರೆ ಉಳಿಯುವುದು ಬರೀ ಸ್ವರಗಳ ಗುಂಯ್‌ಗುಡುವಿಕೆ.

ಊಟದ ಎಲೆ ಮುಂದೆ ಏನಾಗುತ್ತದೆ ನೋಡಿ. ಹಬ್ಬದ ದಿನ ಅಜ್ಜ ಖುಷಿಯಿಂದ ತಾವೇ ಸಾರು ಬಡಿಸಲು ಬರುತ್ತಾರೆ. ಸೊಸೆ 'ಸಾಕು ಮಾವ' ಅನ್ನುತ್ತಾಳೆ. ಆ 'ಸ' ಅಜ್ಜನ ಕಿವಿಗೆ ತಲುಪುವುದಿಲ್ಲ. ಕೇಳಿಸುವುದು 'ಹಾಕು ಮಾವ'. ಇನ್ನೊಂದು ಸೌಟು ಬೀಳುತ್ತದೆ. ಅವಳು ಇನ್ನೂ ಜೋರಾಗಿ 'ಸಾಕು ಸಾಕು' ಅಂದರೆ 'ಹಾಕು ಹಾಕು' ಅಂತ ಕೇಳಿ ಅಜ್ಜನಿಗೆ ಸಂತೋಷವೋ ಸಂತೋಷ. ಅದೇ ಮಗ 'ಬೇಡ' ಅಂತ ದಪ್ಪ ದನಿಯಲ್ಲಿ ಅಂದರೆ ತಕ್ಷಣ ನಿಲ್ಲಿಸುತ್ತಾರೆ. ಸೊಸೆಗೆ ಅನಿಸುತ್ತದೆ: ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಇಲ್ಲ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವ ಪದ್ಧತಿ ಸುಮ್ನೆ ಬಂದದ್ದಲ್ಲ ಅನಿಸುತ್ತದೆ ನನಗೆ.

ಹೀಗೆ ಮಾಡಿ. ಮೊದಲು ಹೆಸರನ್ನೋ 'ರೀ' ಅಂತಲೋ ಕೂಗಿ, ಮುಖ ತಿರುಗಿಸಿದ ಮೇಲೆ ವಿಷಯ ಹೇಳಿ. ಅಡುಗೆಮನೆಯಿಂದ ಹಾಲಿಗೆ ಮಾತು ಎಸೆಯಬೇಡಿ. ಮಿಕ್ಸಿ ಆರಿಸಿ. ಒಂದು ಸಲ ಕೇಳಿಸದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಕೂಗುವ ಬದಲು ಬೇರೆ ಪದ ಹಾಕಿ ಹೇಳಿ, 'ಸಾಕು' ಹೋಗಿ 'ಬೇಡ' ಬರಲಿ. ಇಷ್ಟಾದ ಮೇಲೂ ಹಾಗೇ ಇದ್ದರೆ ಕಿವಿ ಪರೀಕ್ಷೆ ಮಾಡಿಸಿ. ಶ್ರವಣ ಪರೀಕ್ಷೆಯಲ್ಲಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸದ್ದು ಕೇಳಿಸಿ ಗೆರೆ ಎಳೆದು ಕೊಡುತ್ತಾರೆ. ಆ ಗೆರೆ ಬಲಗಡೆ, ಅಂದರೆ ಎತ್ತರದ ಸದ್ದಿನ ಕಡೆ, ಕುಸಿದಿದ್ದರೆ ನಿಮ್ಮ ಎಷ್ಟೋ ವರ್ಷದ ಜಗಳಕ್ಕೆ ಕಾರಣ ಅಲ್ಲೇ ಕಾಣುತ್ತದೆ.

ಕೇಳಿಸಲಿ ಅಂತ ಜೋರಾಗಿ ಹೇಳಿದರೆ 'ಕಿರುಚಬೇಡ' ಅಂತಾರೆ. ಮೆಲ್ಲಗೆ ಹೇಳಿದರೆ ಕೇಳಿಸಲ್ಲ ಅಂತಾರೆ. ಏನು ಮಾಡಲಿ?

ಸುತ್ತ ಸದ್ದಿದ್ದರೆ ನಮಗೇ ಗೊತ್ತಿಲ್ಲದೆ ದನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಬರೆದಿಟ್ಟರು, ಇಂದಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ದನಿ ಜೋರಾದಾಗ ಎತ್ತರವೂ ಏರುತ್ತದೆ. ಗಂಡಸು 120ರಿಂದ ಏರಿದರೂ ಹೆಂಗಸರ ಸಾಮಾನ್ಯ ದನಿಯ ಹತ್ತಿರ ಬರುತ್ತಾನೆ, 'ಜೋರಾಗಿ ಹೇಳಿದ' ಅನಿಸಿಕೊಳ್ಳುತ್ತಾನೆ. ಹೆಂಗಸು 210ರಿಂದ ಏರಿದರೆ ಕೀರಲು ಅನಿಸುತ್ತದೆ. ಇಬ್ಬರೂ ಪಟ್ಟದ್ದು ಒಂದೇ ಶ್ರಮ. ಸಿಕ್ಕ ಬಿರುದು ಬೇರೆ: ಅವನು ಖಡಕ್, ಇವಳು ಬಜಾರಿ.

ಇನ್ನೊಂದು ವಿಷಯ. ಕೂಗಿದಾಗ ಜೋರಾಗುವುದು ಸ್ವರಗಳು, ವ್ಯಂಜನಗಳು ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಕಿವಿ ಮಂದವಾದವರಿಗೆ ಕೂಗಿದರೆ ಗದ್ದಲ ಜಾಸ್ತಿ, ಅರ್ಥ ಕಡಿಮೆ. ಹತ್ತಿರ ಹೋಗಿ ನಿಧಾನವಾಗಿ ಹೇಳುವುದೇ ಮೇಲು. ಎರಡು ಹೆಜ್ಜೆ ಹತ್ತಿರ ಬಂದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಮೈಕ್ ಮುಂದೆ ಕೂತವರಿಗೆ ಚೆನ್ನಾಗಿ ಗೊತ್ತು.

ನಾನು ಅರ್ಧ ಗಂಟೆ ಹೇಳಿದ್ದಕ್ಕೆ ಇವರದ್ದು ಬರೀ 'ಹೂಂ'. ಕೇಳಿಸಿಕೊಂಡರಾ ಇಲ್ಲವಾ ಅಂತಲೇ ಗೊತ್ತಾಗಲ್ಲ.

ಕನ್ನಡದಲ್ಲಿ ಅತಿ ಚಿಕ್ಕದಾದ, ಅತಿ ಜಾಸ್ತಿ ಕೆಲಸ ಮಾಡುವ ಮಾತು ಇದು. ಚುಟುಕಾಗಿ ಕೆಳಗಿಳಿಸಿ 'ಹೂಂ' ಅಂದರೆ ಆಯಿತು, ಒಪ್ಪಿದೆ. ಮೇಲಕ್ಕೆತ್ತಿ 'ಹೂಂ?' ಅಂದರೆ ಆಮೇಲೇನಾಯಿತು. ಎಳೆದು 'ಹೂಂಂಂ' ಅಂದರೆ ನೀನು ಹೇಳು, ನಾನು ನಂಬಲ್ಲ. ಚಪ್ಪಟೆಯಾಗಿ, ಏರಿಳಿತವಿಲ್ಲದೆ ಬಂದರೆ ಕಣ್ಣು ಮೊಬೈಲಿನಲ್ಲಿದೆ. ಹಿಂದೆ ಅಜ್ಜಿ ಕತೆ ಹೇಳುವಾಗ ಹೂಂಗುಡದಿದ್ದರೆ ಕತೆ ನಿಲ್ಲಿಸುತ್ತಿದ್ದರು. ಮಕ್ಕಳು ಕೇಳುತ್ತಿದ್ದಾರಾ, ನಿದ್ದೆ ಹೋದರಾ ಅಂತ ಅವರಿಗೆ ತಿಳಿಯುತ್ತಿದ್ದದ್ದು ಅದರಿಂದಲೇ.

ಗಂಡು ಹೆಣ್ಣಿನ ನಡುವೆ ಇಲ್ಲೊಂದು ತೊಡಕು ಇದೆ ಎಂದು ಡೇನಿಯಲ್ ಮಾಲ್ಟ್ಸ್ ಮತ್ತು ರೂತ್ ಬೋರ್ಕರ್ ಎಂಬ ಮಾನವಶಾಸ್ತ್ರಜ್ಞರು 1982ರಲ್ಲಿ ಹೇಳಿದರು. ಅವರ ಪ್ರಕಾರ ಹೆಂಗಸರು ಹೂಂ ಅನ್ನುವುದು 'ಕೇಳ್ತಾ ಇದ್ದೀನಿ, ಹೇಳು' ಅನ್ನಲು. ಗಂಡಸರು ಹೂಂ ಅನ್ನುವುದು 'ಒಪ್ಪಿದೆ' ಅನ್ನಲು. ಹಾಗಾಗಿ ಗಂಡಸು ಕಡಿಮೆ ಹೂಂಗುಡುತ್ತಾನೆ, ಇವಳಿಗೆ 'ಕೇಳ್ತಾನೇ ಇಲ್ಲ' ಅನಿಸುತ್ತದೆ. ಇವಳು ಎಲ್ಲದಕ್ಕೂ ಹೂಂ ಅಂದು ಕೊನೆಗೆ 'ಬೇಡ' ಅಂದರೆ ಅವನಿಗೆ 'ಆಗಲೇ ಒಪ್ಪಿದ್ದಳಲ್ಲ' ಅನಿಸುತ್ತದೆ. ಅವರು ನೋಡಿದ್ದು ಅಮೆರಿಕದ ಮಾತುಕತೆಯನ್ನು. ಎಲ್ಲಾ ಕಡೆ ಹೀಗೇ ಅಂತಲ್ಲ. ಆದರೂ ಸೀರೆ ಅಂಗಡಿಯಿಂದ ಸೈಟು ಖರೀದಿವರೆಗೆ ಈ ಜಗಳ ನಾನು ಬೇಕಾದಷ್ಟು ನೋಡಿದ್ದೇನೆ.

ಗಂಡಸರಿಗೆ ಒಂದು ಮಾತು: ದಪ್ಪ ದನಿಯಲ್ಲಿ ಏರಿಳಿತ ಕಡಿಮೆಯಾದರೆ ಬೇಸರ ಅಂತಲೋ ಸಿಟ್ಟು ಅಂತಲೋ ಕೇಳಿಸುತ್ತದೆ. ನೀವು ಸುಸ್ತಾಗಿರಬಹುದು ಅಷ್ಟೇ. 'ಹೂಂ' ಜೊತೆ ಒಂದು ಪದ ಸೇರಿಸಿ. 'ಹೂಂ, ಆಮೇಲೆ?' ಸಾಕು.

ಫೋನಿನಲ್ಲಿ ಮಾತಾಡಿದರೆ ಜಗಳ ಜಾಸ್ತಿ ಆಗುತ್ತೆ. ಎದುರಿಗಿದ್ದರೆ ಇಲ್ಲ. ಯಾಕೆ?

ಹಳೆಯ ಟೆಲಿಫೋನ್ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಅಂದರೆ ಗಂಡಸಿನ 120 ಆಗಲಿ ಹೆಂಗಸಿನ 210 ಆಗಲಿ ತಂತಿಯಲ್ಲಿ ಹೋಗುತ್ತಲೇ ಇರಲಿಲ್ಲ! ದನಿಯ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳನ್ನು ಕೇಳಿ ಮೆದುಳೇ ಕೆಳಗಿನದ್ದನ್ನು ತುಂಬಿಕೊಳ್ಳುತ್ತದೆ. ನನಗೆ ಇದು ಇವತ್ತಿಗೂ ಜಾದೂ ಅನಿಸುತ್ತದೆ. ಮೇಲೆ ಕತ್ತರಿಸಿದ್ದನ್ನು ಮಾತ್ರ ತುಂಬಿಕೊಳ್ಳಲಾಗುವುದಿಲ್ಲ, ಹಾಗಾಗಿ 'ಸ', 'ಫ' ಗೊಂದಲ. ಅದರಲ್ಲೂ ಹೆಂಗಸರ 'ಸ' ಜಾಸ್ತಿ ಪೆಟ್ಟು ತಿನ್ನುತ್ತದೆ. ಈಗಿನ 4ಜಿ ಕರೆಗಳಲ್ಲಿ ಎಚ್‌ಡಿ ವಾಯ್ಸ್ ಇದ್ದರೆ 7000 ಹರ್ಟ್ಸ್‌ವರೆಗೆ ಬರುತ್ತದೆ, ಪರವಾಗಿಲ್ಲ. ಸಿಗ್ನಲ್ ಬಿದ್ದಾಗ ಮತ್ತೆ ಹಳೆಯ ಕತೆ.

ದನಿಯ ಜೊತೆ ಮುಖವೂ ಹೋಗಿರುತ್ತದೆ. ಸೂಕ್ಷ್ಮದ ವಿಷಯವನ್ನು ಬಸ್ಸಿನೊಳಗಿಂದ ಫೋನಿನಲ್ಲಿ ಮಾತಾಡಬೇಡಿ.

ಸಮಾರಂಭಗಳಲ್ಲಿ ಹೆಂಗಸರು ಮಾತಾಡಲು ನಿಂತರೆ ಮೈಕ್ ಕಿರ್ ಅನ್ನುತ್ತೆ. ಅವರ ದನಿಯೇ ಹಾಗಾ?

ಇದು ನನ್ನ ಕಸುಬಿನ ಪ್ರಶ್ನೆ. ಸಭಾಂಗಣದಲ್ಲಿ ಬೆಳಿಗ್ಗೆ ಸೌಂಡ್ ಸಿಸ್ಟಮ್‌ನ ಹುಡುಗ 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅಂತ ತನ್ನ ದನಿಗೆ ಎಲ್ಲವನ್ನೂ ಹೊಂದಿಸಿಡುತ್ತಾನೆ. ದಪ್ಪ ದನಿ ಮಸುಕಾಗಬಾರದು ಅಂತ ಟ್ರೆಬಲ್, ಅಂದರೆ ಎತ್ತರದ ಸದ್ದು, ಏರಿಸಿರುತ್ತಾನೆ. ಸ್ಟ್ಯಾಂಡು ಐದೂ ಮುಕ್ಕಾಲು ಅಡಿಯ ಅಧ್ಯಕ್ಷರ ಬಾಯಿಗೆ ಸರಿಯಾಗಿರುತ್ತದೆ. ಆಮೇಲೆ ಬರುವ ಮೇಡಂ ಐದಡಿ. ಮೈಕ್ ಅವರ ಹಣೆಯ ಹತ್ತಿರ. ಬಗ್ಗಿಸಲು ಯಾರೂ ಬರುವುದಿಲ್ಲ. ದನಿ ಸಾಲದು ಅಂತ ಹಿಂದಿನಿಂದ ವಾಲ್ಯೂಮ್ ಏರಿಸುತ್ತಾರೆ, ಮೈಕ್ ಕೂಗುತ್ತದೆ. ಮೊದಲೇ ಏರಿಸಿದ್ದ ಟ್ರೆಬಲ್‌ನಲ್ಲಿ ಅವರ ದನಿ ಚುಚ್ಚುತ್ತದೆ. ಸಭಿಕರು ಬೈಯುವುದು ಮೇಡಂ ಅವರನ್ನು.

ಎರಡು ಕೆಲಸ ಸಾಕು. ಸ್ಟ್ಯಾಂಡನ್ನು ನೀವೇ ಇಳಿಸಿಕೊಳ್ಳಿ, ನಾಚಿಕೆ ಬೇಡ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿರಲಿ. ಸಂಘಟಕರು ಹೆಂಗಸರ ದನಿಯಲ್ಲೂ ಒಮ್ಮೆ ಟೆಸ್ಟಿಂಗ್ ಮಾಡಿಸಲಿ.

ಹೆಣ್ಣುದನಿ ಮೈಕಿಗೆ ಒಗ್ಗಲ್ಲ ಅನ್ನುವವರು ನಮ್ಮ ಮೆಟ್ರೋದಲ್ಲಿ ಕೂತು ಅಪರ್ಣಾ ಅವರ ಕನ್ನಡ ಘೋಷಣೆಗಳನ್ನು ಕೇಳಲಿ. 2024ರಲ್ಲಿ ಅವರು ತೀರಿಕೊಂಡರು. ಆ ಗದ್ದಲದ ನಡುವೆಯೂ ನಿಲ್ದಾಣದ ಹೆಸರಿನ ಒಂದಕ್ಷರ ಬಿದ್ದುಹೋಗದಂತೆ ಹೇಳುವುದು ಅಂದರೆ ಅದು.

ಮೀಟಿಂಗ್‌ನಲ್ಲಿ ನಾನು ಹೇಳಿದರೆ ಯಾರೂ ಗಮನಿಸಲ್ಲ. ಅದೇ ಮಾತನ್ನು ಸಹೋದ್ಯೋಗಿ ದಪ್ಪ ದನಿಯಲ್ಲಿ ಹೇಳಿದರೆ 'ಒಳ್ಳೆ ಐಡಿಯಾ' ಅಂತಾರೆ.

ನಿಮ್ಮ ಭ್ರಮೆಯಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ನನಗೆ ಮತ ಹಾಕಿ ಅನ್ನುವ ಒಂದೇ ವಾಕ್ಯವನ್ನು ಗಂಡಸರು, ಹೆಂಗಸರಿಂದ ಹೇಳಿಸಿ, ಕಂಪ್ಯೂಟರ್‌ನಲ್ಲಿ ದನಿಯನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಿ ಕೇಳಿಸಿದರು. ಒಟ್ಟಾರೆ ಗೆದ್ದದ್ದು ಇಳಿಸಿದ ದನಿ, ಹೆಂಗಸರದ್ದೂ ಗಂಡಸರದ್ದೂ. ಮರುವರ್ಷ 792 ಗಂಡು ಸಿಇಒಗಳ ದನಿ ಅಳೆದ ಇನ್ನೊಂದು ಅಧ್ಯಯನ, ದಪ್ಪ ದನಿಯವರು ದೊಡ್ಡ ಕಂಪನಿ ನಡೆಸುತ್ತಾರೆ, ಸಂಬಳವೂ ಜಾಸ್ತಿ ಅಂತ ಕಂಡಿತು. ದನಿಯಿಂದ ಕೆಲಸ ಸಿಕ್ಕಿತೋ ಇನ್ನೇನಿಂದಲೋ ಅಂತ ಅದರಿಂದ ತೀರ್ಮಾನಿಸಲಾಗುವುದಿಲ್ಲ.

ನಡುವೆ ಬಾಯಿ ಹಾಕುವುದರ ಬಗ್ಗೆ 1975ರ ಒಂದು ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಗಂಡು-ಹೆಣ್ಣು ಜೋಡಿಗಳ 11 ಮಾತುಕತೆಗಳಲ್ಲಿ 48 ಸಲ ಮಾತು ತುಂಡಾಯಿತು, ಅದರಲ್ಲಿ 46 ಸಲ ತುಂಡು ಮಾಡಿದ್ದು ಗಂಡಸು. ಬರೀ 11 ಮಾತುಕತೆ, ನೆನಪಿರಲಿ. ಆಮೇಲಿನ ಅಧ್ಯಯನಗಳಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ.

ಉಪಾಯ ಏನು? ವಾಕ್ಯದ ಕೊನೆಯನ್ನು ನುಂಗಬೇಡಿ, ಉಸಿರು ಮುಗಿದು ದನಿ ಕುಸಿದ ಕ್ಷಣದಲ್ಲೇ ಇನ್ನೊಬ್ಬರು ನುಗ್ಗುವುದು. ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಿ, ಕೊನೆಯಲ್ಲಿ ಬೇಡ. ನುಗ್ಗಿದರೆ 'ಒಂದ್ನಿಮಿಷ, ಮುಗಿಸ್ತೀನಿ' ಅಂತ ಅದೇ ದನಿಯಲ್ಲಿ, ಏರಿಸದೆ ಹೇಳಿ. ಆದರೆ ಇದರ ಹೊರೆಯೆಲ್ಲ ನಿಮ್ಮೊಬ್ಬರ ಗಂಟಲ ಮೇಲೆ ಬೀಳುವುದು ನ್ಯಾಯವಲ್ಲ. ಮೀಟಿಂಗ್ ನಡೆಸುವವರು 'ಇದನ್ನು ಮೊದಲು ಹೇಳಿದ್ದು ಅವರು' ಅಂತ ಒಂದು ಮಾತು ಅಂದರೆ ಯಾವ ದನಿ ತರಬೇತಿಗಿಂತ ಹೆಚ್ಚು ಕೆಲಸ ಆಗುತ್ತದೆ.

ಹಾಗಾದರೆ ನಾನೂ ದನಿ ದಪ್ಪ ಮಾಡಿಕೊಳ್ಳಲಾ?

ಮಾರ್ಗರೆಟ್ ಥ್ಯಾಚರ್ ಮಾಡಿಕೊಂಡರು. ಕೀರಲು ದನಿ ಅಂತ ಟೀಕೆ ಬಂದಾಗ ತರಬೇತಿ ಪಡೆದು ಇಳಿಸಿಕೊಂಡರು, 1979ರಲ್ಲಿ ಬ್ರಿಟನ್ನಿನ ಪ್ರಧಾನಿಯೂ ಆದರು. ಅವರ ಹಿಂದೆ ಪರಿಣತರಿದ್ದರು. ಯೂಟ್ಯೂಬ್ ನೋಡಿ ಗಂಟಲನ್ನು ಒತ್ತಿ ಕೆಳಗೆ ಮಾತಾಡಿದರೆ ವಾರದೊಳಗೆ ಗೊಗ್ಗರಾಗುತ್ತದೆ. ನಿಮ್ಮ ಸಹಜ ದನಿ ಎಲ್ಲಿದೆ ಅಂತ ಹುಡುಕಿ. ಊಟ ರುಚಿಯಾಗಿದ್ದಾಗ ತಾನಾಗಿ ಬರುವ 'ಮ್ಂ' ಇದೆಯಲ್ಲ, ಸಾಮಾನ್ಯವಾಗಿ ಅದರ ಆಸುಪಾಸು. ಗಾಬರಿಯಲ್ಲಿ ನಾವು ಅದಕ್ಕಿಂತ ಮೇಲೆ ಹೋಗಿಬಿಡುತ್ತೇವೆ. ಅಲ್ಲಿಗೆ ವಾಪಸ್ ಬಂದರೆ ಸಾಕು.

ಹೆಂಗಸರೇ ಜಾಸ್ತಿ ಮಾತಾಡೋದು ಅಲ್ವಾ?

2007ರಲ್ಲಿ 396 ಕಾಲೇಜು ವಿದ್ಯಾರ್ಥಿಗಳ ಮೈಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿ ಎಣಿಸಿದರು. ಹುಡುಗಿಯರು ದಿನಕ್ಕೆ ಸುಮಾರು 16,200 ಪದ, ಹುಡುಗರು ಸುಮಾರು 15,700. ಅಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ.

ಮಾತಿನಲ್ಲಿ ಪದಗಳ ಪಾಲು ಬರೀ ಶೇ. 7, ದನಿ ಶೇ. 38, ಮುಖ ಮೈಭಾಷೆ ಶೇ. 55 ಅಂತ ಟ್ರೈನಿಂಗ್‌ನಲ್ಲಿ ಹೇಳಿದರು.

ಎಲ್ಲಾ ಟ್ರೈನಿಂಗ್‌ನಲ್ಲೂ ಹೇಳುತ್ತಾರೆ. ಮೂಲ 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳು. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಹೇಳಿದವರಿಗೆ ಇಷ್ಟವೋ ಅಲ್ಲವೋ ಅಂತ ಊಹಿಸಲು ಹೇಳಿದ್ದರು. ಪದಕ್ಕೂ ದನಿಗೂ ತಾಳೆ ಆಗದಿದ್ದಾಗ ಜನ ದನಿಯನ್ನು, ಮುಖವನ್ನು ನಂಬುತ್ತಾರೆ ಅನ್ನುವುದು ಅದರ ಸಾರ. 'ನನಗೇನೂ ಬೇಜಾರಿಲ್ಲ' ಅಂತ ಹೆಂಡತಿ ಒಂದು ಥರ ಅಂದಾಗ ಯಾವ ಗಂಡನೂ ಪದವನ್ನು ನಂಬುವುದಿಲ್ಲವಲ್ಲ, ಅಷ್ಟೇ. ಕರೆಂಟ್ ಬಿಲ್ ಎಷ್ಟು ಬಂತು ಅಂತ ಹೇಳುವಾಗ ಶೇ. 93 ದನಿ, ಮೈಭಾಷೆಯಲ್ಲಿ ಹೇಳಲು ಸಾಧ್ಯವಾ?

ದಪ್ಪ ದನಿಯ ಗಂಡಸರು ಹೆಂಗಸರಿಗೆ ಇಷ್ಟ ಆಗ್ತಾರಂತೆ?

ಸರಾಸರಿಯಲ್ಲಿ ಹೌದು ಅಂತ ಹಲವು ಅಧ್ಯಯನ ಹೇಳುತ್ತವೆ. ನನಗೆ ಮೋಜೆನಿಸುವುದು 2000ದಲ್ಲಿ ಸಾರಾ ಕಾಲಿನ್ಸ್ ಎಂಬ ಸಂಶೋಧಕಿ ಪ್ರಕಟಿಸಿದ್ದು. ಬರೀ ದನಿ ಕೇಳಿದ ಹೆಂಗಸರು ದಪ್ಪ ದನಿಯವನು ದಷ್ಟಪುಷ್ಟ, ಎದೆ ತುಂಬ ಕೂದಲಿನವನು ಅಂತೆಲ್ಲ ಊಹಿಸಿದರು. ಎಲ್ಲರ ಊಹೆಯೂ ಒಂದೇ. ಆದರೆ ತೂಕ ಬಿಟ್ಟರೆ ಉಳಿದದ್ದೆಲ್ಲ ತಪ್ಪು. ರೇಡಿಯೋದವರನ್ನು ಎದುರಿಗೆ ನೋಡಿ 'ಓ ಇವರಾ!' ಅಂದವರಿಗೆ ಇದು ಹೊಸದಲ್ಲ.

ಇಷ್ಟವಾದವರ ಎದುರು ಹೆಂಗಸರ ದನಿ ಏರುತ್ತದೆ ಅಂತ ಒಂದು ಅಧ್ಯಯನ, ಇಳಿಯುತ್ತದೆ ಅಂತ ಇನ್ನೊಂದು. ದನಿ ನೋಡಿ ಮನಸ್ಸು ಓದುತ್ತೇನೆ ಅನ್ನುವವರನ್ನು ನಂಬಬೇಡಿ. ಅಂದಹಾಗೆ, ಹೆಣ್ಣಿಗೆ 'ಕೋಗಿಲೆ ಕಂಠ' ಅಂತ ಹೊಗಳುತ್ತೇವಲ್ಲ, ಆ ಕುಹೂ ಕುಹೂ ಹಾಡುವುದು ಗಂಡು ಕೋಗಿಲೆ.

ಭಜನೆಯಲ್ಲಿ ಗಂಡಸರು ಶುರು ಮಾಡಿದರೆ ನಮಗೆ ಹಾಡಲು ಆಗಲ್ಲ, ನಾವು ಶುರು ಮಾಡಿದರೆ ಅವರು ಸುಮ್ಮನಾಗ್ತಾರೆ.

ಹಾರ್ಮೋನಿಯಂನಲ್ಲಿ ಗಂಡಸರ ಶ್ರುತಿ ಸುಮಾರು ಬಿಳಿ ಒಂದು (ಮೊದಲ ಬಿಳಿ ಮನೆ), ಹೆಂಗಸರದ್ದು ಬಿಳಿ ಐದರ ಹತ್ತಿರ. ಸ ಇಂದ ಪ ವರೆಗಿನ ಅಂತರ. ನಡುವೆ ಎಲ್ಲೋ ಹಿಡಿದರೆ ಇಬ್ಬರಿಗೂ ಹಿಂಸೆ. ಒಂದು ಭಜನೆ ಅವರ ಶ್ರುತಿಗೆ, ಒಂದು ನಿಮ್ಮ ಶ್ರುತಿಗೆ ಅಂತ ಸರದಿ ಹಾಕಿಕೊಳ್ಳಿ. ಇನ್ನೊಂದು ಮನೆ ಒತ್ತಲು ಹಾರ್ಮೋನಿಯಂನವರು ಗೊಣಗುತ್ತಾರೆ, ಗೊಣಗಲಿ.

ಅಪವಾದವೂ ನಮ್ಮಲ್ಲೇ ಇದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಆಮೇಲೆ ಗಂಟಲಿನ ತೊಂದರೆ, ಚಿಕಿತ್ಸೆ ಎಲ್ಲ ಆಗಿ ದನಿ ದಪ್ಪವಾಯಿತು. ಗಂಡುದನಿ ಅಂದವರಿದ್ದರು. ಅವರು ಅದನ್ನು ಮುಚ್ಚಿಡಲು ಹೋಗಲಿಲ್ಲ. ದೇಶವೆಲ್ಲ ನೆನಪಿಟ್ಟುಕೊಂಡದ್ದು ಆ ದನಿಯನ್ನೇ, 2002ರ ಪದ್ಮವಿಭೂಷಣವೂ ಬಂತು.

ಮಗನಿಗೆ 19. ದೇಹ ಬೆಳೆದಿದೆ, ದನಿ ಇನ್ನೂ ಹೆಣ್ಣು ಹುಡುಗಿಯದ್ದು. ಕಾಲೇಜಿನಲ್ಲಿ ಗೇಲಿ ಮಾಡ್ತಾರೆ, ಹುಡುಗಿಯರ ಹತ್ತಿರ ಮಾತಾಡೋದೇ ಬಿಟ್ಟಿದ್ದಾನೆ.

ಬೈಯಬೇಡಿ, 'ಗಂಡಸಿನ ಥರ ಮಾತಾಡು' ಅನ್ನಬೇಡಿ. ಇಎನ್‌ಟಿ ವೈದ್ಯರಿಗೆ ತೋರಿಸಿ. ಧ್ವನಿಪೆಟ್ಟಿಗೆ ಸರಿಯಾಗಿ ಬೆಳೆದಿದ್ದರೂ ಚಿಕ್ಕಂದಿನ ಎತ್ತರದ ದನಿಯನ್ನೇ ಬಳಸುವ ಅಭ್ಯಾಸ ಕೆಲವರಿಗೆ ಉಳಿದುಬಿಡುತ್ತದೆ. ಪ್ಯೂಬರ್‌ಫೋನಿಯಾ ಅನ್ನುತ್ತಾರೆ. ವಾಕ್ ಚಿಕಿತ್ಸಕರು ಕೆಮ್ಮಿಸಿ, ಗಂಟಲ ಮೇಲೆ ಮೆಲ್ಲಗೆ ಬೆರಳಿಟ್ಟು ಆ ಕೆಳಗಿನ ದನಿಯನ್ನು ಹೊರಗೆ ತರುತ್ತಾರೆ. ಎಷ್ಟೋ ಸಲ ಕೆಲವೇ ಭೇಟಿಗಳಲ್ಲಿ ಸರಿಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೂ ಚಿಕಿತ್ಸೆ ಇದೆ, ಮೇಲೆ ಹೇಳಿದ ಕಿವಿ ಪರೀಕ್ಷೆಯೂ ಇದೆ.

ಲಿಂಗತ್ವ ಬದಲಿಸಿಕೊಂಡವರ ದನಿ ಹಾರ್ಮೋನಿನಿಂದ ಬದಲಾಗುತ್ತದಾ?

ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ತಂತುಗಳು ದಪ್ಪವಾಗಿ ಕೆಲವು ತಿಂಗಳಲ್ಲಿ ದನಿ ಇಳಿಯುತ್ತದೆ. ಈಸ್ಟ್ರೋಜನ್ ಮಾತ್ರ ಒಮ್ಮೆ ಇಳಿದ ದನಿಯನ್ನು ಏರಿಸುವುದಿಲ್ಲ. ಅವರಿಗೆ ದನಿ ತರಬೇತಿಯೇ ದಾರಿ. ಅದರಲ್ಲಿ ಎತ್ತರ ಒಂದೇ ಮುಖ್ಯವಲ್ಲ, ಬಾಯಿಯೊಳಗಿನ ಅನುರಣನ, ಮಾತಿನ ಏರಿಳಿತ ಎಲ್ಲವೂ ಸೇರುತ್ತವೆ.

ನಾನು ಪ್ರಾಥಮಿಕ ಶಾಲೆ ಟೀಚರ್. ಸಂಜೆಗೆ ಗಂಟಲು ಕಟ್ಟುತ್ತೆ. ಗಂಡು ಮೇಷ್ಟ್ರಿಗೆ ಹಾಗಾಗಲ್ಲ. ಯಾಕೆ?

ನಿಮ್ಮ ತಂತುಗಳು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ಬಡಿದುಕೊಳ್ಳುತ್ತವೆ, ಅವರದ್ದು ಸುಮಾರು 120. ಐದು ತಾಸು ಪಾಠಕ್ಕೆ ಲೆಕ್ಕ ಹಾಕಿ. ಚಿಕ್ಕ ತಂತು, ಜಾಸ್ತಿ ಪೆಟ್ಟು. ಹಾಗಾಗಿ ತಂತುಗಳ ಮೇಲೆ ಗಂಟಾಗುವುದು ಹೆಂಗಸರಲ್ಲೇ ಜಾಸ್ತಿ, ಅದರಲ್ಲೂ ಶಿಕ್ಷಕಿಯರಲ್ಲಿ. ತರಗತಿಯಲ್ಲಿ ಗುಟುಕು ಗುಟುಕು ನೀರು ಕುಡಿಯಿರಿ. ಮಕ್ಕಳನ್ನು ಸುಮ್ಮನಾಗಿಸಲು ಕೂಗುವ ಬದಲು ಚಪ್ಪಾಳೆ ತಟ್ಟಿ. ಸೊಂಟಕ್ಕೆ ಕಟ್ಟುವ ಚಿಕ್ಕ ಮೈಕ್ ಸಿಕ್ಕರೆ ಬಳಸಿ. ಪಿಸುಗುಟ್ಟಿದರೆ ವಿಶ್ರಾಂತಿ ಅಂದುಕೊಳ್ಳಬೇಡಿ, ಸುಮ್ಮನಿರುವುದೇ ವಿಶ್ರಾಂತಿ. ಎರಡು ಮೂರು ವಾರವಾದರೂ ಗೊಗ್ಗರು ಹೋಗದಿದ್ದರೆ ಇಎನ್‌ಟಿ ವೈದ್ಯರ ಹತ್ತಿರ ಹೋಗಲೇಬೇಕು. ಥೈರಾಯ್ಡ್ ಕಡಿಮೆಯಾದರೂ ದನಿ ಗೊಗ್ಗರಾಗುತ್ತದೆ, ಅದನ್ನೂ ಪರೀಕ್ಷಿಸಿ.

ಅಜ್ಜಿಯ ದನಿ ದಪ್ಪ, ಅಜ್ಜನ ದನಿ ತೆಳು ಆಗಿದೆ. ಉಲ್ಟಾ ಆಯ್ತಲ್ಲ?

ಮುಟ್ಟು ನಿಂತ ಮೇಲೆ ಹೆಂಗಸರ ದನಿ ನಿಧಾನವಾಗಿ ಇಳಿಯುತ್ತದೆ. ಇಳಿವಯಸ್ಸಿನಲ್ಲಿ ಗಂಡಸರ ತಂತುಗಳು ಸೊರಗಿ ದನಿ ಏರುತ್ತದೆ. ಎಂಬತ್ತರ ಹೊತ್ತಿಗೆ ಇಬ್ಬರೂ ಸಾಕಷ್ಟು ಹತ್ತಿರ ಬಂದಿರುತ್ತಾರೆ.

ಫೋನಿನಲ್ಲಿ ನನ್ನನ್ನು ಎಲ್ಲರೂ 'ಸಾರ್' ಅಂತಾರೆ. ನಾನು ಹೆಂಗಸು.

ಮೊದಲ ವಾಕ್ಯದಲ್ಲೇ ಹೆಸರು ಹೇಳಿಬಿಡಿ: 'ನಮಸ್ಕಾರ, ನಾನು ಸುಮಿತ್ರಾ ಮಾತಾಡೋದು.' ಆದರೂ 'ಹೇಳಿ ಸಾರ್' ಅಂದರೆ ಒಂದು ಸಲ ತಿದ್ದಿ, ಎರಡನೇ ಸಲ ಬಿಟ್ಟುಬಿಡಿ. ಕೊರಿಯರ್ ಹುಡುಗನ ಹತ್ತಿರವಾದರೆ ತಿದ್ದುವ ಗೋಜಿಗೇ ಹೋಗಬೇಡಿ, ಅವನಿಗೆ ಬೇಕಾದದ್ದು ಗೇಟಿನ ಬಣ್ಣ.